ಮೂರು ತಾಲ್ಲೂಕಿನ ಕನ್ನಡಕಗಳು

ನಮ್ಮ ಮನೆಯ ಷೋಕೇಸಿನಲ್ಲಿ ಮೂರು ಕನ್ನಡಕಗಳಿವೆ. ಒಂದು ತೀರ್ಥಹಳ್ಳಿಯದು, ಒಂದು ಸಾಗರದ್ದು, ಇನ್ನೊಂದು ಹೊಸನಗರದ್ದು. ಮೂರೂ ಹೊಸವು, ಮೂರೂ ನನ್ನವು, ಮೂರರಲ್ಲಿ ಯಾವುದನ್ನು ಹಾಕಿಕೊಂಡರೂ ನನಗೆ ಸರಿಯಾಗಿ ಏನೂ ಕಾಣುವುದಿಲ್ಲ. ಮನೆಗೆ ಬಂದವರು ಅವನ್ನು ನೋಡಿ, "ಮನೇಲಿ ಎಷ್ಟು ಜನ ಇದ್ದೀರಿ ಟೀಚರೇ?" ಎಂದು ಕೇಳುತ್ತಾರೆ. ಇರುವವರು ನಾವಿಬ್ಬರೇ. ಅದರಲ್ಲಿ ನಮ್ಮ ಮನೆಯವರು ಕನ್ನಡಕದ ಗೊಡವೆಗೇ ಹೋದವರಲ್ಲ. ಅಂಚೆ ಇಲಾಖೆಯಲ್ಲಿ ಜೀವಮಾನವಿಡೀ ಬೇರೆಯವರ ವಿಳಾಸ ಓದಿ ಸಾಕಾಗಿ, ನಿವೃತ್ತರಾದ ಮೇಲೆ ಕಂಡಷ್ಟು ಕಾಣಲಿ ಎಂದು ಬಿಟ್ಟುಬಿಟ್ಟಿದ್ದಾರೆ.

ನನಗೆ ಈ ಕನ್ನಡಕಗಳ ಮೇಲೆ ಸಿಟ್ಟಿದೆ. ಸಿಟ್ಟಿಗಿಂತ ಹೆಚ್ಚಾಗಿ, ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದ ಸಂಕಟವಿದೆ. ಅಂಗಡಿಯವರು ಮೋಸ ಮಾಡಿದ್ದರೆ ಹೋಗಿ ಜಗಳವಾಡಿ ಬಂದು, ಊಟ ಮಾಡಿ, ನೆಮ್ಮದಿಯಾಗಿ ಮಲಗಬಹುದಿತ್ತು. ಆದರೆ ಮೂವರೂ ಸರಿಯಾಗಿಯೇ ಅಳತೆ ತೆಗೆದಿದ್ದರು. ತೆಗೆದ ದಿನ ಮೂರೂ ಸರಿಯಾಗಿಯೇ ಇದ್ದವು. ಆಮೇಲೆ ಬದಲಾದದ್ದು ನನ್ನ ಕಣ್ಣು. ಬ್ಲೌಸ್ ಹೊಲಿಯಲು ಅಳತೆ ಕೊಟ್ಟು, ಅದು ಹೊಲಿದು ಮುಗಿಯುವಷ್ಟರಲ್ಲಿ ಮೈಯೇ ಬೇರೆಯಾಗಿದ್ದರೆ ದರ್ಜಿಯನ್ನು ಬೈಯಲು ಬಾಯಿ ಬರುತ್ತದೆಯೇ?

ಇದರೊಳಗಿನ ಇನ್ನೊಂದು ಅವಮಾನವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ವರ್ಷವರ್ಷವೂ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಕಣ್ಣಿನ ಚಿತ್ರ ಬರೆದವಳು. ಮುಂದೆ ಮಸೂರ, ಹಿಂದೆ ಅಕ್ಷಿಪಟಲ, ಮಸೂರವನ್ನು ಹಿಡಿದುಕೊಂಡ ಸ್ನಾಯುಗಳು. ಹತ್ತಿರದ್ದನ್ನು ನೋಡುವಾಗ ಮಸೂರ ಉಬ್ಬುತ್ತದೆ, ದೂರದ್ದನ್ನು ನೋಡುವಾಗ ತೆಳ್ಳಗಾಗುತ್ತದೆ ಎಂದು ಎಷ್ಟು ತಂಡಗಳಿಗೆ ಬಾಯಿಪಾಠ ಮಾಡಿಸಿದ್ದೇನೋ. ಆ ಮಸೂರ ನನ್ನದೇ ತಲೆಯೊಳಗೆ ತನ್ನಷ್ಟಕ್ಕೆ ತಾನು ಉಬ್ಬಿ ಕೂತಾಗ ಮಾತ್ರ ನನಗೆ ಪಾಠ ನೆನಪಾಗಲಿಲ್ಲ. ನೆನಪಾದದ್ದು ಹೊನಗೊನ್ನೆ ಸೊಪ್ಪು.

ಹೊನಗೊನ್ನೆ ಕಣ್ಣಿಗೆ ಒಳ್ಳೆಯದು ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹೋದ ಸಲ ಮಳೆ ಹಿಂದಾಗುವ ಹೊತ್ತಿಗೆ ಸಾಗರದ ನಮ್ಮ ಮನೆಯ ಹಿತ್ತಲಲ್ಲಿ ಅದು ಹುಲುಸಾಗಿ ಬಂದಿತ್ತು. ಕಾಯಿ ಜೀರಿಗೆ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ, ದಿನ ಬಿಟ್ಟು ದಿನ ತಂಬುಳಿ ಮಾಡಿ ಉಂಡೆ. ಕೆಲವು ವಾರಗಳಲ್ಲಿ, ಒಂದು ಬೆಳಿಗ್ಗೆ ಪತ್ರಿಕೆ ಓದುತ್ತಿದ್ದವಳಿಗೆ ಮೂಗಿನ ಮೇಲೆ ಕನ್ನಡಕವೇ ಇಲ್ಲವೆಂಬುದು ಅರಿವಾಯಿತು. ಮೂಲೆಯಲ್ಲಿದ್ದ ಟೆಂಡರ್ ಪ್ರಕಟಣೆಯ ಸಣ್ಣಕ್ಷರ ಕೂಡ ಒಂದೊಂದಾಗಿ ಎದ್ದು ಕಾಣುತ್ತಿತ್ತು. ಒಳಗೆ ಹೋಗಿ ಸೂಜಿಗೆ ದಾರ ಪೋಣಿಸಿ ನೋಡಿದೆ. ಒಂದೇ ಏಟಿಗೆ ಹೋಯಿತು. ಅರವತ್ತು ದಾಟಿದ ಹೆಂಗಸಿಗೆ ಎಂದೋ ಮಂಜಾದ ಕಣ್ಣು ತಿರುಗಿ ಬಂದರೆ ಅದು ಯಾರ ಪುಣ್ಯ? ಸೊಪ್ಪಿನ ಪುಣ್ಯ ಎಂದು ನಾನು ಸಾರಿದೆ. ವಿಜ್ಞಾನದ ಟೀಚರೇ ಹೇಳಿದ ಮೇಲೆ ಕೇಳಬೇಕೇ, ನಮ್ಮ ಬೀದಿಯಲ್ಲಿ ಆಮೇಲೆ ಹೊನಗೊನ್ನೆ ಸಿಗುವುದೇ ಕಷ್ಟವಾಯಿತು.

ಒಳ್ಳೆಯದು ಬರತೊಡಗಿದರೆ ಒಂದರ ಹಿಂದೊಂದು ಬರುತ್ತದೆ. ತೂಕ ಇಳಿಯಿತು. "ಎಂತ ಮಾಡಿದ್ರಿ ಟೀಚರೇ, ಇಷ್ಟು ಸಣ್ಣಗಾಗಿದ್ದೀರಲ್ಲ" ಎಂದು ದಾರಿಯಲ್ಲಿ ನಿಲ್ಲಿಸಿ ಕೇಳಿದರು. ಹಸಿವು ಚೆನ್ನಾಗಿ ಆಗುತ್ತಿತ್ತು. ನೀರು ಕುಡಿಯಿರಿ, ನೀರು ಕುಡಿಯಿರಿ ಎಂದು ಟೀವಿಯವರು ಬಡಿದುಕೊಳ್ಳುತ್ತಾರೆ, ನಾನು ಯಾರೂ ಹೇಳದೆ ತಂಬಿಗೆಗಟ್ಟಲೆ ಕುಡಿಯುತ್ತಿದ್ದೆ. ಕಾಯಿಲೆ ಬಂದದ್ದಕ್ಕೆ ಊರವರಿಂದ ಹೊಗಳಿಸಿಕೊಳ್ಳುವ ಯೋಗ ಬೇರೆ ಯಾವ ರೋಗಿಗೂ ಇರಲಿಕ್ಕಿಲ್ಲ.

ಆ ಹುಮ್ಮಸ್ಸಿನಲ್ಲೇ ನನ್ನ ಹಳೆಯ ಓದುವ ಕನ್ನಡಕವನ್ನು ದಾನ ಮಾಡಿದೆ. ಬ್ಯಾಕೋಡಿನಿಂದ ಬಂದಿದ್ದ ನಮ್ಮ ಮನೆಯವರ ಅಕ್ಕ ಅದನ್ನು ಹಾಕಿಕೊಂಡು ಕ್ಯಾಲೆಂಡರಿನ ಮುಂದೆ ನಿಂತು, "ನಂಗೆ ಇದ್ರಲ್ಲಿ ಏಕಾದಶಿ ಎಲ್ಲ ಎಷ್ಟು ಚೆಂದ ಕಾಣ್ತದೆ" ಎಂದರು. "ತಗೊಂಡು ಹೋಗಿ ಅಕ್ಕ, ನಂಗಿನ್ನು ಅದರ ಹಂಗಿಲ್ಲ" ಎಂದೆ. ಆ ಧಾಟಿಯಲ್ಲಿ ಮಾತಾಡಬಾರದಿತ್ತು. ಈ ಕನ್ನಡಕವನ್ನು ನೀವು ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದು.

ಅದೇ ಹೊತ್ತಿಗೆ ಭೂಮಿ ಹುಣ್ಣಿಮೆ ಬಂತು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಆ ದಿನ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತೇವೆ. ಪುಂಡಿ ನಾರನ್ನು ಜಜ್ಜಿ ಮಾಡಿದ ಕುಂಚ. ಬರೆಯುವುದೆಲ್ಲ ಎಳೆಗಳು, ಅಂದರೆ ನೂಲಿನಂಥ ನೆಟ್ಟಗಿನ ಗೆರೆಗಳು, ಒಂದರ ಪಕ್ಕ ಇನ್ನೊಂದು, ಒಂದಕ್ಕೊಂದು ತಾಗದ ಹಾಗೆ. ಹೊಸನಗರದಾಚೆಯ ನಮ್ಮ ತವರುಮನೆಗೆ ಹೋಗಿ ಆ ಸಲ ನಾನು ಬರೆದ ಬುಟ್ಟಿಯನ್ನು ನೋಡಿದವರೆಲ್ಲ "ನಿಮ್ಮವ್ವನ ಕೈ ಬಂದದೆ" ಎಂದರು. ಅವ್ವ ಆ ಸೀಮೆಗೇ ಹೆಸರಾದ ಚಿತ್ತಾರಗಿತ್ತಿ. ನಾನು ನೆಲದಿಂದ ಎರಡು ಗೇಣು ಮೇಲೆ ನಡೆಯುತ್ತಿದ್ದಾಗ ನನ್ನ ತಮ್ಮನ ಮಗಳು ಕಾವ್ಯ ಬಂದು ಕೈ ಹಿಡಿದುಕೊಂಡಳು. ಬೇಸಿಗೆಯಲ್ಲಿ ಅವಳ ಮದುವೆ ಗೊತ್ತಾಗಿತ್ತು.

"ಅತ್ತೆ, ನನ್ನ ಹಸೆಗೋಡೆ ನೀವೇ ಬರೀಬೇಕು."

ಮದುಮಕ್ಕಳನ್ನು ಕೂರಿಸುವ ಜಾಗದ ಹಿಂದಿನ ಗೋಡೆಗೆ ಬರೆಯುವ ದೊಡ್ಡ ಚಿತ್ತಾರವೇ ಹಸೆಗೋಡೆ. ನನ್ನ ಮದುವೆಗೆ ಅವ್ವ ಬರೆದಿದ್ದಳು. ಕಾವ್ಯಳ ಅಪ್ಪನ ಮದುವೆಗೆ ನಾನು ಬರೆದಿದ್ದೆ. "ಬರೀತೀನಿ ಮಗಾ, ನಾನಲ್ದೆ ಇನ್ಯಾರು" ಎಂದೆ. ಕಣ್ಣು ಕೊಟ್ಟ ಸೊಕ್ಕು ಅದು.

ಹತ್ತಿರದ್ದು ಹೀಗೆ ಬೆಳಗುತ್ತಿದ್ದಾಗ ದೂರದ್ದು ಮೆಲ್ಲನೆ ನಂದುತ್ತಿತ್ತು. ನಾನು ಅದನ್ನು ಗಮನಿಸಲಿಲ್ಲ ಎನ್ನುವುದಕ್ಕಿಂತ, ಗಮನಿಸಿ ಬೇರೆಯವರ ತಲೆಗೆ ಕಟ್ಟಿದೆ. ಅಂಗಡಿ ಬೋರ್ಡು ಕಾಣದಿದ್ದರೆ ಈಗಿನ ಪೇಂಟರುಗಳಿಗೆ ಅಕ್ಷರ ಬರೆಯಲು ಬರುವುದಿಲ್ಲ ಎಂದೆ. ಎದುರಿನ ಗುಡ್ಡ ಕಾಣದಿದ್ದರೆ ಈ ವರ್ಷ ಮಂಜು ಜಾಸ್ತಿ ಎಂದೆ. ಬೀದಿಯ ಆ ಬದಿಯಿಂದ ನಕ್ಕವರಿಗೆ ತಿರುಗಿ ನಗದೆ ಹೋಗಿ, "ಸಣ್ಣಗಾದ ಮೇಲೆ ಟೀಚರಿಗೆ ಜಂಬ ಬಂದದೆ" ಎಂಬ ಮಾತನ್ನೂ ಹೇಳಿಸಿಕೊಂಡೆ. ಈ ಮಾತಿನಿಂದ ನನಗೆ ಬೇಸರವಾಯಿತು ಎಂದರೆ ಸುಳ್ಳಾಗುತ್ತದೆ. ಸಣ್ಣಗಾದದ್ದನ್ನು ಒಪ್ಪಿಕೊಂಡರಲ್ಲ ಎನಿಸಿತು.

ಅಂತೂ ಈ ನಾಟಕಕ್ಕೆ ತೆರೆ ಬಿದ್ದದ್ದು ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿ. ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಪೂಜೆ ಮುಗಿಸಿಕೊಂಡು ಹೊಸನಗರದ ಬಸ್ಸಿಗೆ ಕಾಯುತ್ತಿದ್ದೆ. ಬಂದ ಬಸ್ಸುಗಳ ಹಣೆಯ ಮೇಲೆಲ್ಲ ಯಾರೋ ಕೈಯಲ್ಲಿ ಒರೆಸಿದಂಥ ಮಸುಕು. ಪಕ್ಕದವರನ್ನು ಕೇಳಬಹುದಿತ್ತು. ಆದರೆ ಜೀವನವಿಡೀ ಮಕ್ಕಳಿಗೆ "ಬೋರ್ಡು ನೋಡಿ ಓದು" ಎಂದು ಗದರಿದವಳು ಬೋರ್ಡು ಓದಿ ಹೇಳಿ ಎಂದು ಇನ್ನೊಬ್ಬರನ್ನು ಕೇಳುವುದು ಹೇಗೆ? ಬಸ್ಸಿನ ಬಣ್ಣ ನೋಡಿ ಹತ್ತಿ ಕೂತೆ. ಕಂಡಕ್ಟರ್ ಬಂದಾಗ "ಹೊಸನಗರ" ಎಂದೆ.

"ಇದು ಆಗುಂಬೆಗೆ ಹೋಗ್ತದೆ ಅಮ್ಮ. ಬೋರ್ಡು ನೋಡ್ಲಿಲ್ವಾ?" ಎಂದ. ಮೇಳಿಗೆಯಲ್ಲಿ ಇಳಿಸಿ, ತಿರುಗಿ ಹೋಗುವ ಬಸ್ಸು ಇಲ್ಲೇ ನಿಲ್ಲುತ್ತದೆ ಎಂದು ಕೈ ತೋರಿಸಿ ಹೇಳಿದ. ಅವನು ತೋರಿಸಿದ ಕಡೆಯೂ ನನಗೆ ಮಸುಕೇ ಕಂಡಿತು.

ತೀರ್ಥಹಳ್ಳಿಗೆ ಮರಳಿದವಳು ಅದೇ ಸಿಟ್ಟಿನಲ್ಲಿ ಕನ್ನಡಕದ ಅಂಗಡಿಗೆ ಹೋದೆ. ಅಂಗಡಿಯವರು ಒಂದೊಂದೇ ಗಾಜು ಬದಲಾಯಿಸುತ್ತ ದೂರದ ಅಕ್ಷರ ಓದಿಸಿದರು. ಆಮೇಲೆ ಹತ್ತಿರದ್ದು ಓದಿಸಿದರು. ಬರಿಗಣ್ಣಿನಲ್ಲಿ ಕೊನೆಯ ಸಾಲಿನ ತನಕ ಸರಾಗವಾಗಿ ಓದಿದೆ. ಅವರು ನನ್ನನ್ನು ಒಂದು ಥರ ನೋಡಿದರು.

"ಈ ವಯಸ್ಸಿಗೆ ಹತ್ತಿರದ್ದು ಕನ್ನಡಕ ಇಲ್ದೆ ಕಾಣ್ಬಾರ್ದಲ್ಲ ಅಮ್ಮ. ಶುಗರ್ ಏನಾದ್ರೂ ಇದೆಯಾ?"

"ಇಲ್ಲ" ಎಂದೆ. ಪರೀಕ್ಷೆ ಮಾಡಿಸದವರಿಗೆ ಯಾವ ಕಾಯಿಲೆಯೂ ಇರುವುದಿಲ್ಲ. ಅಷ್ಟಕ್ಕೇ ಸುಮ್ಮನಾಗದೆ ಅವರಿಗೆ ಹೊನಗೊನ್ನೆ ತಂಬುಳಿ ಮಾಡುವ ಕ್ರಮವನ್ನೂ ವಿವರಿಸಿ, ದೂರ ನೋಡುವ ಕನ್ನಡಕ ಮಾಡಿಸಿಕೊಂಡು ಬಂದೆ. ಷೋಕೇಸಿನ ಮೊದಲನೆಯದು ಅದು. ಆದರೆ ಆ ದಿನ ಬಸ್ಸಿನಲ್ಲಿ ಕೂತು ಊರು ಮುಟ್ಟುವವರೆಗೂ ಅವರ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ನಮ್ಮವ್ವನಿಗೆ ಶುಗರ್ ಇತ್ತು. ಅದಕ್ಕೇ ನಾನು ಪರೀಕ್ಷೆಯ ಹತ್ತಿರ ಸುಳಿಯುತ್ತಿರಲಿಲ್ಲ.

ಕೊನೆಗೆ ಪತ್ತೆ ಮಾಡಿದ್ದು ನಮ್ಮ ಮನೆಯವರು. ಮಾಗಿ ಕಳೆದು ಬಿಸಿಲು ಏರುತ್ತಿದ್ದ ಒಂದು ಬೆಳಿಗ್ಗೆ, ಕಾಫಿ ಕುಡಿಯುತ್ತ, ಹವಾಮಾನ ಹೇಳುವಷ್ಟೇ ಸಾವಧಾನವಾಗಿ, "ಬಚ್ಚಲಲ್ಲಿ ಇರುವೆ ಸಾಲು ಹಿಡಿದಿದೆ, ನೋಡಿದ್ಯಾ?" ಎಂದರು. ನಾನು ನೋಡಿರಲಿಲ್ಲ. ನಿಂತ ಎತ್ತರದಿಂದ ನೆಲದ ಇರುವೆ ನನಗೆ ಕಾಣುತ್ತಿರಲಿಲ್ಲ. ಹಿಂದಿನ ಕಾಲದ ವೈದ್ಯರು ಮೂತ್ರಕ್ಕೆ ಇರುವೆ ಮುತ್ತುವುದನ್ನು ನೋಡಿಯೇ ಈ ರೋಗವನ್ನು ಗುರುತಿಸುತ್ತಿದ್ದರಂತೆ, ಅದಕ್ಕೇ ಮಧುಮೇಹ ಎಂಬ ಸಿಹಿಯಾದ ಹೆಸರು. ಟಪಾಲು ವಿಂಗಡಿಸುತ್ತಿದ್ದ ನಮ್ಮ ಮನೆಯವರಲ್ಲಿ ಇಷ್ಟು ಹಳೆಯ ವೈದ್ಯರೊಬ್ಬರು ಅಡಗಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಈಗಂತೂ ಮಧುಮೇಹ ಎಂಬ ಮಾತು ಗೋಡೆಯ ಮೇಲಿನ ಜಾಹೀರಾತಿನಲ್ಲಿ ಮಾತ್ರ ಉಳಿದಿದೆ. ಜನರ ಬಾಯಲ್ಲಿ ಅದು ಶುಗರ್. "ನಿಮಗೂ ಶುಗರ್ ಬಂತಾ?" ಎಂದು ಕೇಳುವಾಗ, ನೆಂಟರು ಬಂದಿದ್ದಾರಾ, ಎಷ್ಟು ದಿನ ಇರುತ್ತಾರೆ ಎಂದು ವಿಚಾರಿಸುವ ಧಾಟಿ.

ಸಾಗರದ ಡಾಕ್ಟರಮ್ಮ ನನ್ನ ಶಿಷ್ಯೆಯ ವಯಸ್ಸಿನವರು. ರಿಪೋರ್ಟು ನೋಡಿ, ನನ್ನ ಕಣ್ಣಿನ ಪ್ರತಾಪವನ್ನೆಲ್ಲ ಕೇಳಿಸಿಕೊಂಡು, ನಗದೆ ಹೇಳಿದರು.

"ಸಕ್ಕರೆ ಏರಿದಾಗ ಕಣ್ಣೊಳಗಿನ ಲೆನ್ಸಿಗೂ ಸಕ್ಕರೆ ಹೋಗುತ್ತೆ ಮೇಡಂ. ಅದರ ಹಿಂದೆ ನೀರು ಹೋಗುತ್ತೆ. ಒಣದ್ರಾಕ್ಷಿ ನೆನೆಹಾಕಿದ ಹಾಗೆ ಉಬ್ಬಿಕೊಳ್ಳುತ್ತೆ. ಉಬ್ಬಿದ್ದಕ್ಕೆ ಹತ್ತಿರದ್ದು ಕಾಣಿಸ್ತು, ದೂರದ್ದು ಹೋಯ್ತು. ಸೊಪ್ಪಿನ ಕೆಲಸ ಅಲ್ಲ ಅದು."

ವರ್ಷವರ್ಷವೂ ನಾನೇ ಮಾಡಿದ ಪಾಠವನ್ನು ಈಗ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡೆ.

"ಈಗ ಮಾತ್ರೆ ಶುರುಮಾಡಿದ ಮೇಲೆ ಅದು ಇಳಿಯುತ್ತೆ. ಇಳಿಯೋದು ಒಂದೇ ಸಮ ಇರಲ್ಲ. ಒಂದೆರಡು ತಿಂಗಳು ಕಣ್ಣು ಹಿಂದೆ ಮುಂದೆ ಆಡ್ತಾ ಇರುತ್ತೆ. ಅಲ್ಲಿವರೆಗೆ ದಯವಿಟ್ಟು ಹೊಸ ಕನ್ನಡಕ ಮಾಡಿಸಬೇಡಿ."

"ಬರುವ ತಿಂಗಳು ನನ್ನ ತಮ್ಮನ ಮಗಳ ಮದುವೆ, ಗೋಡೆ ಬರೀಬೇಕು" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಗೋಡೆಗೆ ಸುಣ್ಣ ಹೊಡೆಯುವುದು ಎಂದುಕೊಂಡಿರಬೇಕು, ಯಾರಾದರೂ ಕೂಲಿಯವರನ್ನು ಕರೆಯಿರಿ ಎಂದರು. ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಅವರು ಕಣ್ಣಿಗೆ ಹನಿ ಬಿಟ್ಟು, ಬೆಳಕು ಹಾಯಿಸಿ ಒಳಗೆಲ್ಲ ನೋಡಿ, ಹಿಂದಿನ ಅಕ್ಷಿಪಟಲದಲ್ಲಿ ಒಂದೆರಡು ಸಣ್ಣ ಚುಕ್ಕೆ ಶುರುವಾಗಿವೆ ಎಂದರು. ಶುಗರ್ ಹಿಡಿತದಲ್ಲಿದ್ದರೆ ಹೆದರಬೇಕಿಲ್ಲವಂತೆ. ಮುಂದಿನ ಮಸೂರದ್ದು ಹ್ಯಾಗೂ ಸರಿಯಾಗುತ್ತದೆ, ಹಿಂದಿನದು ಹೋದರೆ ತಿರುಗಿ ಬರುವುದಿಲ್ಲ ಎಂದು ಎರಡು ಸಲ ಹೇಳಿದರು. ಅವ್ವನ ಕಣ್ಣು ಹೋದದ್ದು ಹಾಗೆಯೇ, ಹಿಂದಿನಿಂದ.

ಮಾತ್ರೆ ಶುರುವಾಯಿತು. ಅನ್ನ ಕಡಿಮೆಯಾಯಿತು. ನಮ್ಮ ಮನೆಯವರು ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೆ ಏರಿಸಿ, ತಾವೇ ಏಣಿ ಹಾಕಿಕೊಂಡು ಹತ್ತಿ ಕಾಫಿಗೆ ಸಕ್ಕರೆ ಹಾಕಿಕೊಳ್ಳತೊಡಗಿದರು. ವಾರ ಕಳೆಯುವುದರೊಳಗೆ ನನ್ನ ಹೊಸ ಕಣ್ಣು ಹೋಯಿತು. ಪತ್ರಿಕೆ ಮಂಜಾಯಿತು. ಸೂಜಿಯ ಕಣ್ಣು ಮಾಯವಾಯಿತು. ತೀರ್ಥಹಳ್ಳಿಯ ಕನ್ನಡಕ ಹಾಕಿದರೆ ತಲೆ ತಿರುಗುತ್ತಿತ್ತು, ತೆಗೆದರೆ ಹತ್ತಿರದ್ದು ಕಾಣುತ್ತಿರಲಿಲ್ಲ. ಕಾಯಿಲೆ ಇದ್ದಾಗ ಕಾಣುತ್ತಿದ್ದದ್ದು ಔಷಧಿ ತೆಗೆದುಕೊಂಡರೆ ಕಾಣುವುದಿಲ್ಲ ಎಂದರೆ ಯಾವ ನ್ಯಾಯ? ಬ್ಯಾಕೋಡಿಗೆ ಫೋನು ಮಾಡಿ ಹಳೆಯ ಕನ್ನಡಕ ತಿರುಗಿ ಕೊಡಿ ಎಂದು ಕೇಳೋಣವೆಂದರೆ, ಹಂಗಿಲ್ಲ ಎಂದಿದ್ದ ನನ್ನ ಮಾತೇ ಅಡ್ಡ ನಿಂತಿತ್ತು.

ಡಾಕ್ಟರಮ್ಮ ಬೇಡ ಎಂದಿದ್ದರು. ಆದರೆ ಡಾಕ್ಟರಮ್ಮನಿಗಾಗಿ ಮುಹೂರ್ತ ಮುಂದೆ ಹೋಗುತ್ತದೆಯೇ? ಅವರ ಕ್ಲಿನಿಕ್ಕಿನ ಬೀದಿ ತಪ್ಪಿಸಿ, ಸಾಗರದ ಇನ್ನೊಂದು ಬೀದಿಯಲ್ಲಿ ಓದುವ ಕನ್ನಡಕ ಮಾಡಿಸಿಕೊಂಡೆ. ಕೈಗೆ ಬಂದ ದಿನ ಅಕ್ಕಿಯೊಳಗಿನ ಕಲ್ಲು ಕಂಡಿತು. ಮುಂದಿನ ವಾರ ಅಕ್ಕಿ ಯಾವುದು, ಕಲ್ಲು ಯಾವುದು ಎಂದು ಹಲ್ಲಿಗೇ ತಿಳಿಯಬೇಕಾಯಿತು. ತವರಿಗೆ ಹೊರಟವಳು ದಾರಿಯಲ್ಲಿ ಹೊಸನಗರದಲ್ಲಿಳಿದು ಮೂರನೆಯದಕ್ಕೆ ಅಳತೆ ಕೊಟ್ಟೆ. ಆ ಅಂಗಡಿಯವರು ಬಲು ಮರ್ಯಾದಸ್ಥರು. ಹಿಂದಿನ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ, "ಇವು ಮೂರೂ ಒಬ್ರದ್ದೇ ಕಣ್ಣಾ ಅಮ್ಮ?" ಎಂದಷ್ಟೇ ಕೇಳಿದರು.

ತವರುಮನೆಯ ಜಗಲಿಯ ಗೋಡೆಗೆ ಆಗಲೇ ಕೆಮ್ಮಣ್ಣು ಬಳಿದು ಒಣಗಿಸಿದ್ದರು. ನುಣ್ಣಗೆ, ಕೆಂಪಗೆ, ನನಗಾಗಿಯೇ ಕಾದು ನಿಂತ ಗೋಡೆ. ಹೊಸನಗರದ ಕನ್ನಡಕ ಏರಿಸಿ, ಕುಂಚ ಅದ್ದಿ ಮುಂದೆ ಹೋದೆ. ಹತ್ತಿರ ಹೋದಷ್ಟೂ ಕುಂಚದ ತುದಿ ಕರಗಿ ಬಿಳಿಯ ಮಬ್ಬಾಯಿತು. ಹಿಂದೆ ಸರಿದರೆ ತುದಿ ಕಾಣುತ್ತದೆ, ಕೈ ಗೋಡೆಗೆ ಮುಟ್ಟುವುದಿಲ್ಲ. ಅಳತೆ ಕೊಟ್ಟ ನಾಲ್ಕಾರು ದಿನದಲ್ಲೇ ಕಣ್ಣು ಮತ್ತೆ ಜಾಗ ಬದಲಾಯಿಸಿತ್ತು. ನಾನು ಮುಂದೆ ಹಿಂದೆ ಹೋಗುವುದನ್ನು ನೋಡುತ್ತಿದ್ದ ನನ್ನ ತಮ್ಮ ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿದ.

"ಅಕ್ಕ, ಕಾಣ್ದಿದ್ರೆ ಬಿಟ್ಬಿಡು. ಹಸೆ ಚಿತ್ತಾರದ್ದೇ ಫ್ಲೆಕ್ಸ್ ಮಾಡಿ ಕೊಡ್ತಾರಂತೆ. ಅಂಟ್ಸಿದ್ರಾಯ್ತು. ಫೋಟೋದಲ್ಲಿ ಗೊತ್ತೇ ಆಗಲ್ಲ."

ಅವ್ವ ಬರೆದ ಗೋಡೆಯ ಮೇಲೆ ಫ್ಲೆಕ್ಸ್. ನಾನು ಕೈ ತೊಳೆದು ಅಡುಗೆಮನೆಗೆ ಹೋದೆ. ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು. ಅಲ್ಲಿ ನನ್ನ ದೊಡ್ಡಮ್ಮ, ಅವ್ವನ ಅಕ್ಕ, ಗೋಡೆಗೊರಗಿ ಕೂತು ತೆಂಗಿನಗರಿಯ ಕಡ್ಡಿ ಕೀಸುತ್ತಿದ್ದಳು. ಒಲೆಯ ಪಕ್ಕದ ತಟ್ಟೆಯಲ್ಲಿ ದೋಸೆ, ಅದರ ಪಕ್ಕದಲ್ಲಿ ಕೊಡಪಾನದ ತುಂಬ ಜೋನಿ ಬೆಲ್ಲ. ಕಬ್ಬಿನ ಹಾಲು ಕಾಯಿಸಿ ಇಳಿಸಿದ, ಜೇನಿನ ಹಾಗೆ ಹರಿಯುವ, ನಮ್ಮ ಕಡೆಯ ಬೆಲ್ಲ. ಅದನ್ನು ನೋಡಿದ ಕೂಡಲೇ ನನ್ನೊಳಗಿನ ವಿಜ್ಞಾನದ ಟೀಚರ್ ಬಹಳ ದಿನಗಳ ನಂತರ ಎಚ್ಚರಗೊಂಡಳು.

ನೀವೇ ಯೋಚಿಸಿ. ಸಕ್ಕರೆ ಏರಿದರೆ ಮಸೂರ ಉಬ್ಬುತ್ತದೆ. ಮಸೂರ ಉಬ್ಬಿದರೆ ಹತ್ತಿರದ್ದು ಕಾಣುತ್ತದೆ. ನನಗೆ ಬೇಕಾದದ್ದು ಹತ್ತಿರದ್ದು. ಮದುವೆ ಮುಗಿಯುವ ತನಕ ಮಾತ್ರೆ ಬಿಟ್ಟು, ಹೊತ್ತು ಹೊತ್ತಿಗೆ ನಾಲ್ಕು ದೋಸೆ, ದೋಸೆಗೊಂದು ಸೌಟು ಜೋನಿ ಬೆಲ್ಲ. ಯಾವ ತಾಲ್ಲೂಕಿನ ಯಾವ ಅಂಗಡಿಯಲ್ಲೂ ಸಿಗದ ಕನ್ನಡಕ ಈ ಕೊಡಪಾನದಲ್ಲಿದೆ. ಮದುವೆ ಮುಗಿದ ಮೇಲೆ ಮಾತ್ರೆ ನುಂಗಿದರಾಯಿತು. ಇಷ್ಟು ಸ್ಪಷ್ಟವಾದ ತರ್ಕ ನನಗೆ ತರಗತಿಯಲ್ಲೂ ಹೊಳೆದದ್ದಿಲ್ಲ. ತಟ್ಟೆ ಎಳೆದುಕೊಂಡು ಸೌಟು ತುಂಬ ಸುರಿದುಕೊಂಡೆ.

ದೊಡ್ಡಮ್ಮ ಕಡ್ಡಿಯಿಂದ ಕಣ್ಣೆತ್ತದೆ ಹೇಳಿದಳು. "ತಿನ್ನೆ, ತಿನ್ನು. ನಿನ್ನವ್ವನೂ ಹಿಂಗೇ. ಮದುವೆ ಮನೆಲಿ ಒಂದಿನ ತಿಂದ್ರೆ ಎಂತ ಆಗ್ತದೆ ಅಂತಿದ್ಲು. ಒಂದಲ್ಲ ಒಂದು ಮದುವೆ ಬರ್ತಲೇ ಇತ್ತು."

ಕೈಯಲ್ಲಿದ್ದ ದೋಸೆಯ ಚೂರು ಅಲ್ಲೇ ನಿಂತಿತು. ತಮ್ಮನ ಮದುವೆಗೆ ನಾನು ಇದೇ ಗೋಡೆಗೆ ಬರೆಯುವಾಗ ಅವ್ವ ಪಕ್ಕದಲ್ಲಿ ಕೂತಿದ್ದಳು. ಆಗ ಅವಳಿಗೆ ಬೆಳಕು ಯಾವ ಕಡೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಆ ಸೀಮೆಗೇ ಹೆಸರಾದ ಚಿತ್ತಾರಗಿತ್ತಿ ಪ್ರತಿ ಎಳೆಗೂ ನನ್ನನ್ನು ಕೇಳುತ್ತಿದ್ದಳು, "ನೆಟ್ಟಗೆ ಬಂತೇನೆ?" ನಾನು "ಬಂತವ್ವ" ಎನ್ನುತ್ತಿದ್ದೆ. ಅವಳು ತಲೆ ಆಡಿಸುತ್ತಿದ್ದಳು. ನಂಬುವುದು ಬಿಟ್ಟು ಅವಳಿಗೆ ಬೇರೆ ದಾರಿ ಇರಲಿಲ್ಲ. ಆ ಅಡುಗೆಮನೆಯಲ್ಲಿ ಕೂತು ನನಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ಕಣ್ಣಿನ ಹಿಂದಿನ ಆ ಎರಡು ಚುಕ್ಕೆಗಳು ನೆನಪಾದವು. ಎದುರಿನ ಒಂದು ಗೋಡೆಗಾಗಿ ನಾನು ಹಿಂದಿನ ಗೋಡೆಯನ್ನೇ ಕೆಡವಲು ಹೊರಟಿದ್ದೆ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ಮಾತ್ರೆ ತೆಗೆದು ನೀರು ಕುಡಿದೆ. ಬೆಲ್ಲ ಸುರಿದ ದೋಸೆ ವ್ಯರ್ಥವಾಗಲಿಲ್ಲ. ಮದುವೆಗೆಂದು ನನ್ನ ಜೊತೆ ಬಂದಿದ್ದ ನಮ್ಮ ಮನೆಯವರು ಅದಕ್ಕೇ ಕಾದಿದ್ದವರಂತೆ ಬಂದು ಕೂತರು.

ಅಡುಗೆಮನೆಯಿಂದ ಏಳುವಾಗ ದೊಡ್ಡಮ್ಮನ ಮುಂದಿದ್ದ ಕಡ್ಡಿಗಳನ್ನು ನೋಡಿ ಒಂದು ಉಪಾಯ ಹೊಳೆಯಿತು. ಕಣ್ಣು ಹತ್ತಿರ ಹೋಗಲು ಒಪ್ಪದಿದ್ದರೆ ಕೈಯನ್ನೇ ಉದ್ದ ಮಾಡಬೇಕು. ಬಿದಿರಿನ ಸೀಳೊಂದನ್ನು ಹುಡುಕಿ, ಅದರ ತುದಿಗೆ ಪುಂಡಿ ನಾರಿನ ಕುಂಚವನ್ನು ಬಿಗಿದು ಕಟ್ಟಿದೆ. ಮಾರು ದೂರದಲ್ಲಿ ನಿಂತರೆ ಗೋಡೆ ಕಾಣುತ್ತಿತ್ತು, ಬಿದಿರು ಅಲ್ಲಿಗೆ ಮುಟ್ಟುತ್ತಿತ್ತು. ನಮ್ಮ ವಂಶದಲ್ಲಿ ಯಾರೂ ಹೀಗೆ, ಜೇಡರಬಲೆ ತೆಗೆಯುವವರ ಹಾಗೆ ನಿಂತು ಹಸೆ ಬರೆದದ್ದಿಲ್ಲ. ಎಳೆಗಳು ನೂಲಿನಷ್ಟು ತೆಳ್ಳಗೆ ಬರಲಿಲ್ಲ, ಹುರಿಯಷ್ಟು ದಪ್ಪ ಬಂದವು. ಮೂರೆಳೆ ಇರಬೇಕಾದಲ್ಲಿ ಎರಡೇ ಹಿಡಿಸಿದವು. ಕುತ್ತಿಗೆ ನೋಯಿತು, ತೋಳು ಬಿದ್ದುಹೋಯಿತು. ಸುತ್ತ ಕೂತು ಹಸೆಯ ಹಾಡು ಹೇಳುತ್ತಿದ್ದ ಹೆಂಗಸರು ನಡುನಡುವೆ ಹಾಡು ನಿಲ್ಲಿಸಿ ನಕ್ಕರು. ಒಮ್ಮೆ ನಾನೂ ನಕ್ಕೆ, ಆಗ ಬಿದಿರು ಅಲುಗಿತು. ಏನಾದರೂ ಆಯಿತೇ ಎಂದು ಕೇಳಿದೆ. "ಎಂತ ಆಗಿಲ್ಲ ಅತ್ತೆ, ಬರೀರಿ" ಎಂದಳು ಕಾವ್ಯ. ನಾನು ನಂಬಿದೆ. ಗೋಡೆ ಮುಗಿಯಿತು, ಫ್ಲೆಕ್ಸ್ ಬರಲಿಲ್ಲ.

ಮದುವೆಯ ದಿನ ಬ್ಯಾಕೋಡಿನ ಅಕ್ಕ ನನ್ನ ಹಳೆಯ ಕನ್ನಡಕ ಹಾಕಿಕೊಂಡೇ ಬಂದರು. ಅದಕ್ಕೊಂದು ಮಣಿಸರದ ದಾರ ಬೇರೆ ಕಟ್ಟಿಸಿದ್ದರು. ಮಳೆಗಾಲದ ಹೊತ್ತಿಗೆ ನನ್ನ ಕಣ್ಣು ಒಂದು ಕಡೆ ನಿಂತು, ಡಾಕ್ಟರಮ್ಮ ಈಗ ಮಾಡಿಸಿ ಎಂದು ಒಪ್ಪಿಗೆ ಕೊಟ್ಟಾಗ, ಬಂದ ನಂಬರು ಯಾವುದು ಗೊತ್ತೇ? ಆ ಹಳೆಯ ಕನ್ನಡಕದ್ದೇ, ಒಂದು ಚೂರೂ ಹೆಚ್ಚು ಕಡಿಮೆ ಇಲ್ಲ. ಮೂರು ತಾಲ್ಲೂಕು ಸುತ್ತಿ ನಾನು ತಲುಪಿದ್ದು, ಕೈಯಾರೆ ಕೊಟ್ಟು ಕಳಿಸಿದ ಜಾಗಕ್ಕೆ. ಆದರೆ ಅದು ಆಮೇಲಿನ ಉರಿ. ಮದುವೆಯ ದಿನದ ಉರಿಯೇ ಬೇರೆ ಇತ್ತು.

ಅಕ್ಕ ಜಗಲಿ ಹತ್ತಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಬುಡದಿಂದ ತುದಿಯ ತನಕ ನೋಡಿದರು. ಇಳಿದು, ಚಪ್ಪರದ ಆ ಕೊನೆಯಲ್ಲಿ ಎಲೆ ಹಾಕಿಸುತ್ತಿದ್ದ ನನ್ನ ಹತ್ತಿರ ಬಂದರು.

"ನಿನ್ನ ಕನ್ನಡಕದಲ್ಲೇ ನೋಡ್ದೆ ಕಣೆ. ಎಲ್ಲ ಚೆಂದ ಬಂದದೆ. ಹುಡುಗಿ ತಲೆ ಮೇಲೆ ಒಂದೆಳೆ ಮಾತ್ರ ಡೊಂಕಾಗಿದೆಯಲ್ಲ."

ಆ ದಿನ ಗಡಿಬಿಡಿಯಲ್ಲಿ ನಾನು ಹಾಕಿಕೊಂಡಿದ್ದು ಸಾಗರದ ಕನ್ನಡಕ. ಓದಲಿಕ್ಕೆಂದು ಮಾಡಿಸಿದ್ದ ಅದರಲ್ಲಿ ಓದಲು ಬರುತ್ತಿರಲಿಲ್ಲ, ಯಾವ ಲೆಕ್ಕದಲ್ಲೋ ಏನೋ ದೂರದ್ದು ಕಾಣುತ್ತಿತ್ತು. ತಲೆಯೆತ್ತಿ ನೋಡಿದೆ. ಇಡೀ ಚಪ್ಪರದ ಆಚೆ, ಅಷ್ಟು ಜನರ ತಲೆಯ ಮೇಲಿಂದ ಗೋಡೆ ತೊಳೆದಿಟ್ಟ ಹಾಗೆ ಕಂಡಿತು. ಮುಂದೆ ಕಾವ್ಯ, ಅವಳ ಪಕ್ಕ ಹುಡುಗ. ಕಾವ್ಯಳ ಬಾಸಿಂಗದ ನೇರ ಮೇಲೆ, ನೆಟ್ಟಗೆ ಸಾಗುತ್ತಿದ್ದ ಎಳೆಯೊಂದು ನಾನು ನಕ್ಕ ಜಾಗದಲ್ಲಿ ಒಮ್ಮೆ ಬಳುಕಿ ಮತ್ತೆ ನೆಟ್ಟಗಾಗಿತ್ತು. ಮೈಯೆಲ್ಲ ಉರಿಯಿತು. ಬರೆಯುವಾಗ ಕಾಣದೆ ಸತಾಯಿಸಿದ ಕಣ್ಣಿಗೆ, ಇನ್ನು ತಿದ್ದಲಾಗದು ಎಂಬ ಗಳಿಗೆಯಲ್ಲಿ, ಅದೂ ಬೇರೆ ಕೆಲಸಕ್ಕೆ ಮಾಡಿಸಿದ ಕನ್ನಡಕದಲ್ಲಿ, ಅದೊಂದೇ ಇಷ್ಟು ನಿಚ್ಚಳವಾಗಿ ಕಾಣಬೇಕೇ?

ನಾನು ಆ ಡೊಂಕನ್ನು ಇನ್ನೊಮ್ಮೆ ನೋಡಿದೆ. ಅವ್ವ ಇದೇ ಗೋಡೆಯ ಮುಂದೆ ಕೂತು ಎಷ್ಟು ಸಲ ಕೇಳಿದ್ದಳು, ಎಷ್ಟು ಸಲ ನಾನು ಹೇಳಿದ್ದನ್ನೇ ನಿಜವೆಂದು ಇಟ್ಟುಕೊಂಡಿದ್ದಳು.

"ಹೌದಕ್ಕ, ಡೊಂಕಾಗಿದೆ" ಎಂದೆ. "ನಂಗೂ ಕಾಣ್ತಾ ಇದೆ."